ಖಾಲಿ ಮೂಸೆಯ ತೂಕ

ಮೊದಲು ಏನೂ ಇಲ್ಲದ್ದನ್ನು ತೂಗಬೇಕು.
ಮೂಸೆ ತೊಳೆದು, ಒಂದು ರಾತ್ರಿ ಆಸಿಡ್ಡಿನಲ್ಲಿ ನೆನೆಸಿ,
ಕಾಯಿಸಿ, ಆರಿಸಿ, ಇಕ್ಕಳದಲ್ಲೇ ಹಿಡಿದು ತಕ್ಕಡಿಗಿಟ್ಟು
ನಾಲ್ಕನೇ ದಶಾಂಶ ಅಲುಗುವುದು ನಿಲ್ಲುವ ತನಕ
ಉಸಿರು ಬಿಗಿಹಿಡಿದು ಕೂರಬೇಕು.
ಹದಡಿ ರಸ್ತೆಯಲ್ಲಿ ಮೆಕ್ಕೆಜೋಳದ ಲಾರಿ ಹೋಯಿತೋ,
ಮತ್ತೆ ಮೊದಲಿಂದ.

ಆಮೇಲೆ ಹೊಟ್ಟು.
ಮಂಡಕ್ಕಿ ಭಟ್ಟಿಯಿಂದ ತಂದ ಭತ್ತದ ಹೊಟ್ಟು,
ಊದಿದರೆ ಹಾರುವಷ್ಟು ಹಗುರ.
ಐನೂರೈವತ್ತು ಡಿಗ್ರಿಯಲ್ಲಿ ಸುಟ್ಟರೂ
ಉಳಿದ ಬೂದಿಗೆ ಹೊಟ್ಟಿನದೇ ಆಕಾರ,
ಬೆನ್ನಿನ ಗೆರೆ, ತುದಿಯ ಮುಳ್ಳು ಸಮೇತ.
ಮರಳು ಅದು.
ಗದ್ದೆಯ ನೀರಲ್ಲಿ ಕರಗಿ, ಬೇರಲ್ಲಿ ಹತ್ತಿ,
ಒಂದು ಕಾಳಿನ ಸುತ್ತ ಕೋಟೆಯಾದ ಮರಳು.
ಮುಟ್ಟಿದೆ, ಪುಡಿಯಾಯಿತು.

ಇನ್ನರ್ಧ ಹೊಟ್ಟಿನ ಹಣೆಬರಹ ಬೇರೆ.
ಉಕ್ಕಿನ ಕೊಳವೆಯಲ್ಲಿ ಗಾಳಿ ಕೊಡದೆ ಕಾಯಿಸುತ್ತೇವೆ.
ಉರಿಯುವ ಹಾಗಿಲ್ಲ, ಸುಮ್ಮನಿರುವ ಹಾಗೂ ಇಲ್ಲ,
ಒಡೆಯುತ್ತದೆ.
ತಳದಲ್ಲಿ ಇದ್ದಲು,
ಪಕ್ಕದ ಬಾಟಲಿಗೆ ಹನಿಹನಿ ಕಪ್ಪು ಎಣ್ಣೆ
(ಸೀದ ಬೆಲ್ಲ, ಆರಿದ ಬೀಡಿ, ಎರಡರದ್ದೂ ವಾಸನೆ),
ಮಿಕ್ಕಿದ್ದು ಹೊಗೆ.
ಯಾವುದು ಯಾವ ಕಡೆ ಹೋಯಿತು, ಅದಷ್ಟೇ ಪ್ರಶ್ನೆ.
ಪೊಟ್ಯಾಸಿಯಂ ಇದ್ದಲಿನಲ್ಲೇ ಠಿಕಾಣಿ,
ಬಾಡಿಗೆ ಮನೆ ಖಾಲಿ ಮಾಡದವನ ಹಾಗೆ.
ಕ್ಲೋರಿನ್ ಮೊದಲ ಬಿಸಿಗೇ ಎದ್ದು ನಡೆಯುತ್ತದೆ.
ಎಣ್ಣೆಗೆ ದಾಟುವುದು ಹತ್ತು ಲಕ್ಷದಲ್ಲಿ ಏಳೆಂಟು ಪಾಲು;
ಎಂಜಿನ್ನಿನ ಗಂಟಲು ಕೆಡಿಸಲು ಅಷ್ಟೇ ಸಾಕಂತೆ.

"ನೂರು ಹೋದರೆ ನೂರು ಬರಬೇಕು" ಎನ್ನುತ್ತಾರೆ
ಕೊಟ್ರಬಸಪ್ಪ ಮೇಷ್ಟ್ರು.
ತೊಂಬತ್ತಮೂರು ಬರುತ್ತದೆ.
ಉಳಿದ ಏಳು ಕೊಳವೆಯ ಗೋಡೆ ಕಚ್ಚಿಕೊಂಡಿರುತ್ತದೆ,
ಕೆರೆದು ತೆಗೆಯುವುದು ನಾನು.
ತೌಡು ಕುಟ್ಟೋದಕ್ಕೆ ಸಂಬಳ ಬೇರೆ ಕೊಡ್ತಾರಾ ಅಂತ ಅಮ್ಮ.
ತೌಡಲ್ಲಮ್ಮ, ಹೊಟ್ಟು.

ಮಾರ್ಚ್‌ನಲ್ಲಿ ಕ್ಯಾಲ್ಸಿಯಂ ಜಾಸ್ತಿ ಬಂತು.
ನೀರು ನೋಡಿದೆವು, ಆಸಿಡ್ಡು ನೋಡಿದೆವು, ಗೋಡೆಯ ಸುಣ್ಣ ನೋಡಿದೆವು.
ಮೂರು ವಾರಕ್ಕೆ ಸಿಕ್ಕಿತು:
ಅಟೆಂಡರ್ ಮರುಳಸಿದ್ದಯ್ಯನವರ ಹಣೆ.
ಬಗ್ಗಿ ಮೂಸೆ ನೋಡಿದಾಗಲೆಲ್ಲ ಮೂರು ಬೆರಳ ವಿಭೂತಿ
ಕಣ್ಣಿಗೆ ಕಾಣದಷ್ಟು ಉದುರುತ್ತಿತ್ತು.
ಒರೆಸಿಕೊಳ್ಳಿ ಅಂತ ಹೇಳುವವರು ಯಾರು?
ಅವರೇ ಒಂದು ದಿನ ಟೋಪಿ ಹಾಕಿಕೊಂಡು ಬಂದರು,
ಹುಬ್ಬಿನ ತನಕ ಎಳೆದು.
ಯಾರೂ ಮಾತಾಡಲಿಲ್ಲ.

ಈಗ ಎಂಟನೇ ಚೀಲದಲ್ಲಿ ಸೋಡಿಯಂ.
ಜ್ವಾಲೆಗೆ ಬಿಟ್ಟರೆ ಪೊಟ್ಯಾಸಿಯಂನ ತೆಳು ನೇರಳೆ
ಇರಬೇಕಾದಲ್ಲಿ ಧಗ್ಗನೆ ಹಳದಿ.
ಬೇರೆ ಚೀಲಗಳ ಹನ್ನೊಂದು ಪಟ್ಟು.
ಮತ್ತೆ ಮಾಡಿದೆ, ಅದೇ ಹಳದಿ. ಖಾಲಿ ಮೂಸೆ ಶುದ್ಧ.
"ಕೈ ಬೆವರಿರಬೇಕು ನಿಂದು, ಹೊಡೆದು ಹಾಕು."
ಹೊಡೆದು ಹಾಕಲಿಲ್ಲ.
ಅಂಕಿಯನ್ನು ಪೆನ್ಸಿಲ್ಲಿನಲ್ಲಿ ಗುರುತಿಟ್ಟು ಭಟ್ಟಿಗೆ ಹೋದೆ.

ನಸುಕಿನ ನಾಲ್ಕು ಗಂಟೆ. ಒಲೆಯ ಮುಂದೆ ಖುತೇಜಾಬಿ.
ಕೈ ಉಪ್ಪುನೀರಿನ ಬೋಸಿಗೆ ಹೋಗುತ್ತದೆ, ಅಕ್ಕಿಗೆ ಚಿಮುಕಿಸುತ್ತದೆ;
ಅದೇ ಕೈ ಚೀಲಕ್ಕೆ ಹೋಗುತ್ತದೆ, ಬೆಂಕಿಗೆ ಹೊಟ್ಟು ಎಸೆಯುತ್ತದೆ.
ಉಪ್ಪು, ಹೊಟ್ಟು. ಉಪ್ಪು, ಹೊಟ್ಟು.
ಬಾಣಲೆಯ ಕಾದ ಮರಳಲ್ಲಿ ಅಕ್ಕಿ
ಒಮ್ಮೆಲೇ ಬಾಯಿ ಬಿಡುತ್ತದೆ.
"ಆವತ್ತು ಕೊಟ್ಟ ಎಂಟನೇ ಚೀಲ?"
"ಈ ಒಲಿ ಮುಂದಿಂದಮ್ಮ. ಬ್ಯಾರೇವೆಲ್ಲ ಗೋಡೌನ್‌ದು.
ಯಾಕ, ಕೆಟ್ಟಿತ್ತಾ?"
ಕೆಟ್ಟಿರಲಿಲ್ಲ, ನಿಮ್ಮ ಕೈ ಬಂದಿತ್ತು ಅದರಲ್ಲಿ
ಎನ್ನಲು ಹೋಗಿ
ಅವಳು ಕೊಟ್ಟ ಬಿಸಿ ಮಂಡಕ್ಕಿ ಬಾಯಿಗೆ ಹಾಕಿಕೊಂಡೆ.

ವರದಿಯಲ್ಲಿ ಷರಾಕ್ಕೆ ಒಂದೇ ಸಾಲು ಜಾಗ.
'ಸಂಗ್ರಹದ ವೇಳೆ ಕಲಬೆರಕೆ' ಅಂತ ಬರೆದೆ.
ಹೊಡೆದೆ. 'ಒಲೆಯ ಮುಂದಿನ ಚೀಲ' ಅಂತ ಬರೆದೆ.
ಮೇಷ್ಟ್ರು ಏನನ್ನುತ್ತಾರೋ.

ನಾಳೆ ಒಂಬತ್ತನೆಯದು.
ಮೂಸೆ ಆಸಿಡ್ಡಿನಲ್ಲಿ ಮಲಗಿದೆ.
ಬೆರಳ ಸಂದಿಯಲ್ಲಿ ಇನ್ನೂ ಉಪ್ಪು,
ತೊಳೆದುಕೊಳ್ಳಬೇಕು,
ತೊಳೆದುಕೊಂಡಿಲ್ಲ.